ನೀಲಿ ಡಬ್ಬಿಯ ಪೈನ್ ಗಿಡ

ಹರಿಹರದಾಗೆ ನಮ್ಮ ದೊಡ್ಡಪ್ಪನ ಮನೆಗೆ ನೀವೇನಾದ್ರೂ ಹೋದ್ರೆ ಒಂದು ಮಾತು ನೆನಪಿಟ್ಕೊಳ್ರಿ. ಬೆಂಚಿನ ಮೇಲೆ ಕೂಡೋಕಿಂತ ಮುಂಚೆ ಅದನ್ನ ಮೂಸಿ ನೋಡ್ಬೇಕು. ನೀವಾಗೇ ಮೂಸದಿದ್ರೆ ಅವರೇ ಮೂಸಿಸ್ತಾರೆ. "ಏನ್ ವಾಸ್ನೆ ಬಂತು ಹೇಳ್ರಿ?" ಅಂತ ಕೇಳ್ತಾರೆ. ಪೈನ್ ಅಂದ್ರೆ ಪಾಸು. ಕರ್ಪೂರ ಅಂದ್ರೂ ಪಾಸೇ, ಹತ್ರ ಐತಲ್ಲ. ಫಿನಾಯಿಲ್ ಅಂದೋರಿಗೂ ಮಾರ್ಕ್ಸ್ ಐತೆ, ಯಾಕಂದ್ರೆ ಅದಕ್ಕೂ ಪೈನ್ ಎಣ್ಣೆ ಬೆರೆಸ್ತಾರಂತೆ. ಏನೂ ವಾಸ್ನೆ ಬರ್ತಿಲ್ಲ ಅಂದೋರಿಗೆ ಮಾತ್ರ ಚಾ ಸಿಗೋದು ಕಷ್ಟ.

ಈ ಹುಚ್ಚು ಎಲ್ಲಿಂದ ಬಂತು ಅಂದ್ರಾ? ಮೂವತ್ತು ವರ್ಷ ಅವರು ಹರಿಹರದ ಒಂದು ಫ್ಯಾಕ್ಟರಿ ಸ್ಟೋರ್ಸ್‌ನಾಗೆ ಇದ್ರು. ಹೊರಗಿಂದ ಮಷಿನ್ ಬರೋ ಪೆಟ್ಟಿಗೆಗಳ ಮೊಳೆ ಕಿತ್ತು ಬಿಚ್ಚೋದು ಅವರ ಕೆಲಸ. ಪೆಟ್ಟಿಗೆ ಎಲ್ಲಾ ಪೈನು. ಹಗುರ ಇರ್ತೈತೆ, ಮೊಳೆ ಸಲೀಸಾಗಿ ಇಳೀತೈತೆ. ಉಳಿದೋರೆಲ್ಲ ಒಳಗಿನ ಮಷಿನ್ ನೋಡಿದ್ರೆ ಇವರು ಹಲಗೆ ನೋಡ್ಕೊಂಡು ನಿಂತ್ರು. ಫ್ಯಾಕ್ಟರಿಯವರು ಬ್ಯಾಡ ಅಂತ ಬಿಟ್ಟ ಹಲಗೆ ತಂದು ತಂದು ಮನೆ ತುಂಬ ಸಾಮಾನು ಮಾಡಿದ್ರು. ಮಂಚದ ತಲೆ ಕಡೆ ಇವತ್ತಿಗೂ ಪೆಟ್ಟಿಗೆ ಮೇಲೆ ಹೊಡೆದಿದ್ದ ಗಾಜಿನ ಲೋಟದ ಗುರುತು, ಒಡೆದೀತು ಹುಷಾರು ಅಂತ. ಕಾಲ ಕಡೆ ಛತ್ರಿ ಗುರುತು, ಮಳೆ ತಾಗಬಾರದು ಅಂತ. ಇಂಥ ಮಂಚದ ಮೇಲೆ ನಿದ್ದೆ ಹೆಂಗೆ ಬರ್ಬೇಕು ನೀವೇ ಹೇಳ್ರಿ. ಒಂದ್ಸಲ ಗೋಡೆ ಹಲಗೆಗೆ ಗೆದ್ದಲು ಹಿಡೀತು. ಅವರ ಹೆಂಡ್ತಿ, ಅಂದ್ರೆ ನಮ್ಮ ದೊಡ್ಡವ್ವ, "ನೋಡ್ರಿ ನಿಮ್ಮ ಪೈನಿನ ಹಣೆಬರಹ" ಅಂದ್ರೆ, ಇವರು ಹತ್ರ ಹೋಗಿ ನೋಡಿ, "ಗೆದ್ದಲಿಗೂ ರುಚಿ ಗೊತ್ತೈತೆ ನೋಡು" ಅಂದ್ರು.

ಇನ್ನೊಂದು ರೋಗ ಅಂದ್ರೆ ಮರದ ವಿಷಯದಾಗೆ ಅವರ ಬಾಯಿಗೆ ಸುಳ್ಳು ಬರಲ್ಲ. ಅವರ ಮಗಳನ್ನ, ನಮ್ಮ ಅಕ್ಕನ್ನ, ನೋಡೋಕೆ ರಾಣೆಬೆನ್ನೂರಿಂದ ಗಂಡಿನ ಕಡೆಯವರು ಬಂದಿದ್ರು. ಏಪ್ರಿಲ್ ಸೆಕೆ. ಹುಡುಗನ ಅಪ್ಪ ಬೆಂಚು ಸವರಿ, "ಸಾಗವಾನಿ ಏನ್ರಿ? ಭಾರಿ ಐತೆ" ಅಂದ್ರು. ದೊಡ್ಡವ್ವ ಅಡುಗೆಮನೆ ಬಾಗಿಲಾಗೆ ನಿಂತು ಕಣ್ಣಾಗೇ ಕೈ ಮುಗಿದ್ರು, ಸುಮ್ನೆ ಹ್ಞೂ ಅನ್ರಿ ಅಂತ. ಇವರು "ಸಾಗವಾನಿ ಅಲ್ರಿ, ಪೆಟ್ಟಿಗೆ ಹಲಗೆ" ಅಂದೇಬಿಟ್ರು. ಅಷ್ಟಕ್ಕೆ ಬಿಟ್ರಾ? ಅರ್ಧ ಗಂಟೆ ಪೈನ್ ಪುರಾಣ. ಆದ್ರೂ ಬೀಗರು ಎದ್ದು ಹೋಗ್ಲಿಲ್ಲ. ಏಳೋಕೆ ಆಗ್ಲಿಲ್ಲ ಅನ್ರಿ. ಸೆಕೆಗೆ ಹಲಗೆ ಗಂಟಿನಿಂದ ಅಂಟು ಒಸರಿ ಅವರ ಬಿಳಿ ಪಂಚೆ ಬೆಂಚಿಗೆ ಹಿಡ್ಕೊಂಡಿತ್ತು. ಅದನ್ನ ಬಿಡಿಸೋ ಅಷ್ಟೊತ್ತಿಗೆ ಮಾತುಕತೆ ಮುಗಿದು ಸಂಬಂಧ ಕುದುರಿತ್ತು!

ರಿಟೈರ್ ಆದ್ಮೇಲೆ ದೊಡ್ಡವ್ವನ ಜೊತೆ ಕೇದಾರಕ್ಕೆ ಹೋದ್ರು. ದಾರಿ ಉದ್ದಕ್ಕೂ ಗುಡ್ಡದ ತುಂಬ ಪೈನು. ಆ ಕಡೆ ಜನ ಅದಕ್ಕೆ ಚೀಡ್ ಅಂತಾರೆ. ಚಾ ಕುಡಿಯೋಕೆ ಬಸ್ ನಿಲ್ಲಿಸಿದಾಗ ಇವರು ಇಳಿದು ಒಂದು ಮರ ತಬ್ಕೊಂಡು ನಿಂತೋರು ಹಾರ್ನ್ ಹೊಡೆದ್ರೂ ಬರ್ಲಿಲ್ಲ. ದೊಡ್ಡವ್ವ ಹೋಗಿ ತೋಳು ಹಿಡಿದು ಎಳೆದ್ರೆ, "ತಡಿ ಸ್ವಲ್ಪ. ಮೂವತ್ತು ವರ್ಷ ಇದರ ಹೆಣ ಬಿಚ್ಚೀನಿ. ಜೀವ ಇರೋದನ್ನ ಇವತ್ತು ನೋಡ್ತಿದೀನಿ" ಅಂದ್ರಂತೆ. ಬಸ್ಸಿನಾಗೆ ಇದ್ದೋರೆಲ್ಲ ತೀರ್ಥ ತಂದ್ರು. ಇವರು ವಿಭೂತಿ ಡಬ್ಬಿ ಖಾಲಿ ಮಾಡಿ ಅದ್ರಾಗೆ ಬೀಜ ತಂದ್ರು. ಒಂದೊಂದು ಬೀಜಕ್ಕೂ ಹುಳದ ರೆಕ್ಕೆ ಥರ ತೆಳ್ಳನೆ ರೆಕ್ಕೆ. ಹಾಕಿದ್ರಾಗೆ ಬದುಕಿದ್ದು ಒಂದೇ. ಅದನ್ನ ಹಳೇ ನೀಲಿ ಪೇಂಟ್ ಡಬ್ಬಿಯಾಗೆ ಮೂರು ವರ್ಷ ಸಾಕಿದ್ರು.

ಆ ಗಿಡದ ಮುಂದೆ ನಿಂತೋರಿಗೆ ಪಾಠ ತಪ್ಪಿದ್ದಲ್ಲ. ತೊಗಟೆ ಗೀರಿ ಬಟ್ಟಲು ಕಟ್ಟಿದ್ರೆ ಅಂಟು ಇಳೀತೈತಂತೆ. ಅದನ್ನ ಕಾಯಿಸಿ ಭಟ್ಟಿ ಇಳಿಸಿದ್ರೆ ಟರ್ಪೆಂಟೈನ್, ತಳದಾಗೆ ಉಳಿದದ್ದು ರಾಳ. ಸೋಪಿಗೂ ಬೇಕು, ಬಣ್ಣಕ್ಕೂ ಬೇಕು. ಉದುರಿದ ಎಲೆ ಕೊಟ್ಟಿಗೆಗೆ ಹಾಸಿಗೆ. ಬ್ಯಾಸಿಗೆಯಾಗೆ ಕಾಡಿಗೆ ಬೆಂಕಿ ಹಚ್ಚೋದೂ ಅದೇ ಎಲೆ. ಇಷ್ಟಾದ್ಮೇಲೆ ಯಾರಾದ್ರೂ ಪಾಪ, "ನಮ್ಮ ಕಾಲೇಜಿನ ಮುಂದೆ ಗಾಳಿಮರ ಐತಲ್ರಿ, ಅದೂ ಇದೇ ಅಲ್ವಾ?" ಅಂದ್ರೋ, ಮುಗೀತು ಅವರ ಕಥೆ.

"ಎಲೆ ಕಿತ್ತು ನೋಡ್ರಿ. ಬಿಲ್ವಪತ್ರೆ ಹಂಗೆ ಒಂದೇ ಬುಡಕ್ಕೆ ಮೂರು ಇದ್ರೆ ಚೀಡ್. ಎಳೆದಾಗ ಗಂಟು ಗಂಟಿಗೆ ಕಳಚಿದ್ರೆ ಗಾಳಿಮರ. ಅದು ಬ್ಯಾರೆ ಜಾತಿನೇ."

ಈಗ ನನ್ನ ಪಾಪಕ್ಕೆ ಬರ್ತೀನಿ. ಹೋದ ಏಪ್ರಿಲ್‌ನಾಗೆ ಅಕ್ಕನ ಹೆರಿಗೆ. ದೊಡ್ಡಪ್ಪ, ದೊಡ್ಡವ್ವ ಇಬ್ರೂ ಒಂದು ತಿಂಗಳು ರಾಣೆಬೆನ್ನೂರಿಗೆ ಹೊರಟ್ರು. ಗಿಡ ದಾವಣಗೆರೆಗೆ, ವಿದ್ಯಾನಗರದ ನಮ್ಮ ಮನೆಗೆ ಬಂತು. ಯಾಕಂದ್ರೆ ಮನೆತನದಾಗೆ ಗಿಡದ ಹುಚ್ಚು ಇರೋ ಇನ್ನೊಬ್ಬ ನಾನೇ. ಓದಿದ್ದು ಬಿ.ಕಾಂ., ಗಿಡದ ವಿದ್ಯೆ ಎಲ್ಲಾ ಮೊಬೈಲ್ ನೋಡಿ ಕಲ್ತಿದ್ದು.

ದೊಡ್ಡಪ್ಪ ಡಬ್ಬಿ ಕೈಗಿಟ್ಟು, "ತಮ್ಮಾ, ಮೂರು ಮಾತು. ಅರೆನೆರಳಾಗಿಡು. ನೀರು ಕಡಿಮೆ ಹಾಕು. ಬುದ್ಧಿ ಉಪಯೋಗಿಸಬ್ಯಾಡ" ಅಂದ್ರು.

ಮೂರನೇದ್ದು ಪಾಲಿಸಿದ್ರೆ ಈ ಕಥೆನೇ ಇರ್ತಿರ್ಲಿಲ್ಲ. ಅವರು ವಾಪಸ್ ಬರೋದ್ರಾಗೆ ಗಿಡ ದುಪ್ಪಟ್ಟು ಮಾಡಿ ತೋರಿಸ್ಬೇಕು ಅಂತ ನನಗೆ ಹಟ. ಟೆರೇಸಿನ ಬಿಸಿಲಾಗಿಟ್ಟೆ, ಕಡ್ಲೆಹಿಂಡಿ ಹಾಕ್ದೆ, ಬೇವಿನಹಿಂಡಿ ಹಾಕ್ದೆ, ಯಾವುದಕ್ಕೂ ಇರ್ಲಿ ಅಂತ ಒಂದು ಮುಷ್ಟಿ ಯೂರಿಯಾನೂ ಹಾಕ್ದೆ. ಎಂಟೇ ದಿನ. ಹಸಿರು ಗಿಡ ಪೊರಕೆ ಕಡ್ಡಿ ಆಯ್ತು.

ಅವತ್ತು ಊಟ ಇಳೀಲಿಲ್ಲ. ಮರ ತಬ್ಕೊಂಡು ನಿಂತಿದ್ದ ಮನುಷ್ಯನಿಗೆ ಏನಂತ ಹೇಳ್ಲಿ? ಅವ್ವ ಬಂದು ನೋಡಿ, "ಆ ಗಾಳಿಮರದ್ದೇ ಒಂದು ಸಸಿ ತಂದು ಡಬ್ಬಿಗೆ ನೆಡು. ಹಸ್ರಗೈತೆ, ಸೂಜಿ ಸೂಜಿ ಐತೆ. ಭಾವಾರಿಗೆ ಇನ್ನೇನ್ ಬೇಕು?" ಅಂದ್ಲು.

"ಅವರು ಎಲೆ ಎಳೆದು ನೋಡ್ತಾರವ್ವಾ."

"ಮೊಮ್ಮಗನ ಖುಷಿಯಾಗೆ ಎಲ್ಲಿ ನೋಡ್ತಾರೆ ಬಿಡು."

ನರ್ಸರಿಯಿಂದ ಸಸಿ ತಂದೆ. ಸತ್ತ ಗಿಡಾನ ಬೇರು ಮಣ್ಣು ಸಮೇತ ಕಿತ್ತೆ. ಬಿಸಾಕೋಕೆ ಮಾತ್ರ ಕೈ ಬರ್ಲಿಲ್ಲ. ಟೆರೇಸಿನ ಸಿಂಟೆಕ್ಸ್ ಟ್ಯಾಂಕಿನ ಹಿಂದೆ ಒಂದು ಒಡೆದ ಬಕೆಟ್‌ನಾಗೆ ಬ್ಯಾರೆ ಮಣ್ಣು ತುಂಬಿ ನೆಟ್ಟಿಟ್ಟೆ.

ಮೇ ತಿಂಗಳಾಗೆ ನೀಲಿ ಡಬ್ಬಿ ಹೊತ್ಕೊಂಡು ಹರಿಹರಕ್ಕೆ ಹೋದೆ. ಬಾಣಂತಿ ಅಕ್ಕನ್ನ ಬಿಡೋಕೆ ಬಂದಿದ್ದ ಬೀಗರು, ಅದೇ ಪಂಚೆ ಅಂಟಿದ್ದ ಬೀಗರು, ಅಲ್ಲೇ ಇದ್ರು. ಈ ಸಲ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ರು. ದೊಡ್ಡಪ್ಪ ಡಬ್ಬಿ ಈಸ್ಕೊಂಡು ಎಲೆ ಒಂದ್ಸಲ ಸವರಿ ಕಟ್ಟೆ ಮೇಲಿಟ್ರು. ಬೀಗರು ಬಗ್ಗಿ ನೋಡಿದ್ರು.

"ಬೀಗ್ರೇ, ಇದು ನಮ್ಮ ಹೊಲದ ಬದುವಿನ ಗಾಳಿಮರ ಇದ್ದಂಗೈತಲ್ರಿ?"

ದೊಡ್ಡವ್ವ ನೋಡಿದ್ರು, ಅಕ್ಕ ನೋಡಿದ್ಲು, ಎಲ್ರೂ ಪಾಠಕ್ಕೆ ರೆಡಿ ಆದ್ರು.

"ಇಲ್ರಿ, ಪೈನೇ" ಅಂದ್ರು ದೊಡ್ಡಪ್ಪ. "ನಮ್ಮ ಹುಡುಗ ಚೆನ್ನಾಗಿ ನೋಡ್ಕೊಂಡಾನೆ. ನಡೀರಿ, ಊಟಕ್ಕೆ ಹೊತ್ತಾಯ್ತು."

ಅಬ್ಬಾ! ಉಳ್ಕೊಂಡೆ. ಪಾಪ, ವಯಸ್ಸಾಯ್ತು, ಕಣ್ಣು ಮಂಜು ಅಂದ್ಕೊಂಡೆ. ಅವತ್ತು ಮೂರು ಹೋಳಿಗೆ ತಿಂದೆ.

ಮಳೆ ಹಿಡಿದ ಮೇಲೆ ಒಂದು ಭಾನುವಾರ ಹೇಳದೆ ಕೇಳದೆ ದೊಡ್ಡಪ್ಪ ನಮ್ಮ ಮನೆಗೆ ಬಂದ್ರು. ಚಾನೂ ಕುಡೀದೆ ನನ್ನ ಕರ್ಕೊಂಡು ಸೀದಾ ಟೆರೇಸಿಗೆ.

"ಸತ್ತದ್ದನ್ನ ಎಲ್ಲಿಟ್ಟಿ ತಮ್ಮಾ?"

ನಾನು ಸಿಂಟೆಕ್ಸ್ ಕಡೆ ಕೈ ತೋರಿಸ್ದೆ.

"ಕೈಗೆ ಕೊಟ್ಟಾಗಲೇ ಎಳೆದು ನೋಡೀನಿ. ಗಂಟಿಗೇ ಕಳಚ್ತು" ಅಂದ್ರು. ಬಕೆಟ್ ಮುಂದೆ ಕುಕ್ಕರುಗಾಲಾಗೆ ಕೂತು ಕಾಂಡದ ಬುಡ ಉಗುರಾಗೆ ಕೆರೆದ್ರು. ಆಮೇಲೆ ನನ್ನ ಕುತ್ತಿಗೆ ಹಿಡಿದು ಬಗ್ಗಿಸಿದ್ರು. ಹೊಡೀತಾರೆ ಅಂದ್ಕೊಂಡೆ. ಒಣಗಿದ ಕಡ್ಡಿ ಬುಡದಾಗೆ, ಮಣ್ಣಿಗೆ ತಾಗಿದಂಗೆ, ಅಕ್ಕಿಕಾಳಿನಷ್ಟು ಹಸಿರು ಇತ್ತು.

"ಎಳೇ ಚೀಡ್ ಗಿಡ ಹಿಂಗೇ. ಕಾಡಾಗೆ ಬೆಂಕಿ ಬಿದ್ದು ಮ್ಯಾಲೆ ಸುಟ್ಟು ಹೋದ್ರೂ ಬುಡದಾಗೆ ಚಿಗುರ್ತೈತೆ. ನೀನು ಬಿಸಾಕಿರ್ತಿ ಅಂತ ಅದೊಂದೇ ಹೆದ್ರಿಕೆ ಇತ್ತು."

ನನಗೆ ಅಳು, ನಗು ಎರಡೂ ಬಂತು. ಆಮೇಲೆ ನೆನಪಾಯ್ತು. ಮಗಳ ಮದುವೆ ತಪ್ಪಿದ್ರೂ ಪರ್ವಾಗಿಲ್ಲ ಅಂತ ಪೆಟ್ಟಿಗೆ ಹಲಗೇನ ಪೆಟ್ಟಿಗೆ ಹಲಗೆ ಅಂದಿದ್ದ ಮನುಷ್ಯ, ಅದೇ ಬೀಗರ ಮುಂದೆ, ಗಾಳಿಮರಾನ ಪೈನ್ ಅಂದಿದ್ರು.

"ಮತ್ತೆ ಅವತ್ತು ಯಾಕ ದೊಡ್ಡಪ್ಪಾ ಹಂಗಂದ್ರಿ?"

ಅವರು ಲುಂಗಿ ಮಣ್ಣು ಕೊಡವ್ಕೊಂಡು ಎದ್ರು. ನಾನು ಬಕೆಟ್ ಎತ್ತಿ ಅವರ ಕೈಗೆ ಕೊಡೋಕೆ ಹೋದೆ.

"ಬ್ಯಾಡ, ಇಲ್ಲೇ ಇರ್ಲಿ. ನಿನ್ ಹತ್ರಾನೇ ಬೆಳೀಲಿ" ಅಂದ್ರು. ಎರಡು ಮೆಟ್ಟಿಲು ಇಳಿದು ತಿರುಗಿದ್ರು. "ಹಿಂಡಿ ಹಾಕಿದ್ರೆ ಮಾತ್ರ ಕೈ ಮುರಿತೀನಿ."