ಭಾವನಿಗೆ ಕಡಲು ತೋರಿಸಿದ್ದು

ಒಂದು ಗುಟ್ಟು ಹೇಳುತ್ತೇನೆ, ಘಟ್ಟದ ಮೇಲಿನವರಿಗೆ ತಿಳಿಸಬೇಡಿ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರು ಸಮುದ್ರ ನೋಡುವುದಿಲ್ಲ. ಮೀನು ಹಿಡಿಯುವವರ ಮಾತು ಬೇರೆ. ಅವರಿಗೆ ಅದೇ ಗದ್ದೆ, ಅದೇ ದಾರಿ. ನಾನು ಹೇಳುತ್ತಿರುವುದು ಶಾಲೆ, ಕಚೇರಿ, ಅಂಗಡಿ ಎಂದು ಒಣ ನೆಲದ ಮೇಲೆ ಹೊಟ್ಟೆ ಹೊರೆಯುವವರ ವಿಷಯ. ಕುಮಟೆಯಲ್ಲಿ ನನ್ನ ಮನೆಯಿಂದ ಸಮುದ್ರ ಅರ್ಧ ತಾಸಿನ ನಡಿಗೆ. ಹುಬ್ಬಳ್ಳಿ ಧಾರವಾಡದ ಕಡೆಯವರು "ನೀವು ಪುಣ್ಯವಂತರು, ದಿನಾ ಸಂಜೆ ಸಮುದ್ರದ ಗಾಳಿ" ಎಂದು ಹೊಟ್ಟೆಕಿಚ್ಚು ಪಟ್ಟಾಗ ಇಲ್ಲವೆನ್ನಲು ಮನಸ್ಸು ಬರುವುದಿಲ್ಲ, ಹೌದು ಹೌದು ಎಂದು ತಲೆಯಾಡಿಸುತ್ತೇನೆ. ನಿಜ ಹೇಳಬೇಕೆಂದರೆ ನಾನು ಅಲ್ಲಿಗೆ ಹೋಗುವುದು ಎರಡೇ ಕಾರಣಕ್ಕೆ. ಗ್ರಹಣ ಹಿಡಿದರೆ ಮೀಯಲಿಕ್ಕೆ, ಬಳಗದಲ್ಲಿ ಯಾರಾದರೂ ತೀರಿಕೊಂಡರೆ ಅವರ ಅಸ್ಥಿ ಬಿಡಲಿಕ್ಕೆ. ಗ್ರಹಣ ಎಂದೋ ಒಮ್ಮೆ ಬರುತ್ತದೆ. ನಮ್ಮ ಬಳಗ ದೊಡ್ಡದು.

ದೊಡ್ಡ ಬಳಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹೇಗೋ ಅಂಟಿಕೊಂಡುಬಿಡುತ್ತದೆ. ಒಬ್ಬ ಮದುವೆ ಮನೆಯಲ್ಲಿ ಬಡಿಸಲು ನಿಲ್ಲುವವನು, ಇನ್ನೊಬ್ಬ ಜಾತಕ ನೋಡುವವನು, ಮತ್ತೊಬ್ಬ ಸುಮ್ಮನೆ ಸಿಟ್ಟು ಮಾಡಿಕೊಳ್ಳುವವನು. ನಾನು ಮಡಕೆಯ ಜೊತೆ ಹೋಗುವವನು. ಅಸ್ಥಿಯ ಮಡಕೆ ಹಿಡಿಯಬೇಕಾದವನು ಮಗ. ಆದರೆ ಅಳುತ್ತಿರುವ ಮಗನಿಗೆ ಉಬ್ಬರ ಇಳಿತ ಯಾವ ಹೊತ್ತಿಗೆಂದು ಏನು ಗೊತ್ತು? ದೋಣಿ ಗೊತ್ತು ಮಾಡುವುದು, ಭಟ್ಟರನ್ನು ಬಿಸಿಲೇರುವ ಮೊದಲೇ ಎಬ್ಬಿಸಿಕೊಂಡು ಬರುವುದು, ಎಲ್ಲ ನನ್ನ ಪಾಲಿಗೆ. ಶಾಲೆಯ ಮಾಸ್ತರನಿಗೆ ರಜೆ ಹೆಚ್ಚು ಎಂಬ ಜನರ ನಂಬಿಕೆಯೇ ಇದಕ್ಕೆ ಕಾರಣ. ಅಸ್ಥಿ ಬಿಟ್ಟು ಮುಳುಗು ಹಾಕಿ ಎದ್ದ ಮೇಲೆ ಹಿಂತಿರುಗಿ ನೋಡದೆ ಬರಬೇಕೆಂಬುದು ಶಾಸ್ತ್ರ. ಹೀಗಾಗಿ ನಾನು ಸಮುದ್ರವನ್ನು ನೋಡಿದ್ದಕ್ಕಿಂತ ಅದಕ್ಕೆ ಬೆನ್ನು ತೋರಿಸಿದ್ದೇ ಹೆಚ್ಚು.

ಇಂಥವನ ಮನೆಗೆ ನನ್ನ ಹೆಂಡತಿಯ ಅಣ್ಣ ಹವಾ ಬದಲಾವಣೆಗೆಂದು ಬಂದ. ಯುದ್ಧ ನಡೆದಿದ್ದ ಕಾಲ, ಸಂಕ್ರಾಂತಿ ಕಳೆದು ವಾರವಾಗಿತ್ತು. ಭಾವ ಹುಬ್ಬಳ್ಳಿಯ ಒಂದು ಹತ್ತಿ ವಖಾರಿಯಲ್ಲಿ ಗುಮಾಸ್ತನಾಗಿದ್ದ. ಹೆಂಡತಿ ಹಿಂದೆಯೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹದಿನೈದು ವರ್ಷ ಹತ್ತಿಯ ಧೂಳು ಕುಡಿದ ಎದೆ ಕೆಮ್ಮಲು ಶುರುಮಾಡಿತ್ತು. ಡಾಕ್ಟರು ಅವನಿಗೆ ಹೇಳಿದ್ದು, "ಸಮುದ್ರದ ಹವೆಯಲ್ಲಿ ಎರಡು ತಿಂಗಳು ಇದ್ದು ಬನ್ನಿ." ಅವರು ನನಗೆ ಬರೆದ ಪತ್ರದಲ್ಲಿ ಇನ್ನೂ ಒಂದು ಸಾಲು ಹೆಚ್ಚಿತ್ತು: ಎರಡೂ ಶ್ವಾಸಕೋಶಗಳು ಕೆಟ್ಟಿವೆ, ಮಳೆಗಾಲ ಕಾಣುವುದು ಕಷ್ಟ, ಇದ್ದಷ್ಟು ದಿನ ಸಂತೋಷವಾಗಿಡಿ. ಪತ್ರವನ್ನು ನಾನೂ ನನ್ನ ಹೆಂಡತಿಯೂ ಓದಿ ಒಲೆಗೆ ಹಾಕಿದೆವು. ಅವಳು ಆ ದಿನ ಪೂರ್ತಿ ಒಲೆಯ ಹೊಗೆಯ ನೆಪದಲ್ಲಿ ಅತ್ತಳು.

ಅವನಿಗೆ ಜ್ವರ ಬರುತ್ತಿದ್ದುದು ದಿನಾ ಮಧ್ಯಾಹ್ನ ಮೂರಕ್ಕೆ, ಶಾಲೆಯ ಗಂಟೆ ಬಾರಿಸಿದ ಹಾಗೆ. ಬೆಳಗಿನಿಂದ ಮೂರರವರೆಗೆ ಅವನು ಎಲ್ಲರಂತೆ; ಮೂರಾದ ಮೇಲೆ ಹೊದ್ದು ಮಲಗಿದರೆ ಮಾರನೆಯ ದಿನವೇ ಏಳುವುದು. ಎರಡು ವಾರ ಹೀಗೆ ನಮ್ಮ ಜಗಲಿಯ ಮೇಲೆ ಮಲಗಿ ಎದ್ದು ಅವನಿಗೆ ಬೇಸರ ಬಂದಿತು. "ಮಾಸ್ತರ, ಸಮುದ್ರದ ಹವಾ ಹವಾ ಅಂತ ಕರಕೊಂಡು ಬಂದು ತೆಂಗಿನ ಮರದ ಹವಾ ಕುಡಿಸಾಕತ್ತೀರಿ. ನನಗ ಅರ್ಧ ದಿನ ಅದ. ಅರ್ಧ ದಿನದಾಗ ಎಷ್ಟ ಸಮುದ್ರ ಆಗ್ತದೋ ಅಷ್ಟೂ ತೋರಸ್ರಿ" ಎಂದ.

ನಾನು ಹೇಳಿ ಕೇಳಿ ಭೂಗೋಳ ಕಲಿಸುವವನು. ಅಂದೇ ಕುಳಿತು ವೇಳಾಪಟ್ಟಿ ಬರೆದೆ. ಮೊದಲ ದಿನ ಭಟ್ಕಳಕ್ಕೆ ಹೋಗಿ ಅಕ್ಕನ ಮನೆಯಲ್ಲಿ ಉಳಿಯುವುದು. ಮಾರನೆಯ ದಿನ ಬೆಳಿಗ್ಗೆ ತೆಂಗಿನಗುಂಡಿ, ಅಲ್ಲಿಂದ ಬಸ್ಸಿನಲ್ಲಿ ಹೊನ್ನಾವರ, ಹೊಳೆ ದಾಟಿ ಕುಮಟೆ. ಮೂರು ಊರು, ಮೂರು ಸಮುದ್ರ, ಮೂರು ಗಂಟೆಯೊಳಗೆ ಹಾಸಿಗೆ. ಹೊರಡುವಾಗ ಹೆಂಡತಿ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದಳು: "ನೋಡಿ, ನಿಮ್ಮ ಬಾಯಿಗೆ ಸ್ವಲ್ಪ ಬೀಗ ಇರಲಿ. ದಾರೀಲಿ ಸಾವು ನೋವಿನ ಮಾತು ಒಂದೂ ಬರಬಾರ್ದು. ಆತಾ?" ಆತು ಎಂದೆ. ಅದೇನು ಮಹಾ ಕಷ್ಟ ಎಂದುಕೊಂಡೆ.

ಕಷ್ಟ ಗೊತ್ತಾದದ್ದು ತೆಂಗಿನಗುಂಡಿಯಲ್ಲಿ ಗಾಡಿಯಿಂದ ಕಾಲು ಕೆಳಗಿಟ್ಟ ಕ್ಷಣ. ಎಳೆ ಬಿಸಿಲಿನಲ್ಲಿ ಬಲೆ ಹರಡಿತ್ತು, ದೋಣಿಗಳು ಮರಳಿನ ಮೇಲೆ ಇದ್ದವು, ಭಾವ ಕಣ್ಣರಳಿಸಿ ನಿಂತಿದ್ದ. ನಾನು ಭೂಗೋಳದ ಗಂಟಲು ಸರಿಮಾಡಿಕೊಂಡು "ಇದು ಅರಬ್ಬೀ ಸಮುದ್ರ" ಎಂದು ಶುರುಮಾಡುವಷ್ಟರಲ್ಲಿ ಬಲೆ ಹೆಣೆಯುತ್ತಿದ್ದ ಮುದುಕ ಜಟ್ಟಪ್ಪ ನನ್ನನ್ನು ಗುರುತಿಸಿ ಎದ್ದು ಬಂದ. ಅಕ್ಕನ ಮನೆಯ ಅಸ್ಥಿಗಳನ್ನೆಲ್ಲ ನೀರಿಗೆ ಒಯ್ದದ್ದು ಅವನ ದೋಣಿಯೇ. ಅವನು ತಲೆಯ ಮೇಲಿನ ಬಟ್ಟೆ ತೆಗೆದು, ಮುಖ ಸಣ್ಣದು ಮಾಡಿಕೊಂಡು ಕೇಳಿದ:

"ಅಯ್ಯೋ ಮಾಸ್ತರ್ರೆ, ಈ ಸಲ ಯಾರು?"

"ಯಾರೂ ಇಲ್ಲ ಮಾರಾಯ. ಸುಮ್ಮನೆ ನೋಡ್ಲಿಕ್ಕೆ ಬಂದದ್ದು."

"ನೋಡ್ಲಿಕ್ಕಾ? ಎಂತ ನೋಡ್ಲಿಕ್ಕೆ?" ಅವನು ನನ್ನ ಕೈ ನೋಡಿದ, ಗಾಡಿಯೊಳಗೆ ಬಗ್ಗಿ ನೋಡಿದ. "ಮಡಕೆ ಎಲ್ಲಿ?"

ಭಾವ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲದಾಯಿತು. ಅವನು ಮರಳಿನ ಮೇಲೆ ಕುಳಿತು ಕರವಸ್ತ್ರ ಬಾಯಿಗೆ ಒತ್ತಿಕೊಂಡು, ಅದನ್ನು ನನಗೆ ಕಾಣದ ಹಾಗೆ ಮಡಚಿ ಜೇಬಿಗೆ ಹಾಕಿದ. ಜಟ್ಟಪ್ಪ ಅವನನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ, ಒಂದು ಎಳನೀರು ಕೆತ್ತಿ ತಂದುಕೊಟ್ಟ. ನನಗೆ ಹೆಂಡತಿಯ ಮುಖ ನೆನಪಾಯಿತು.

ಬಸ್ಸು ಇದ್ದಿಲಿನದು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಒಲೆ ಕಟ್ಟಿ ಇದ್ದಿಲಿನ ಗ್ಯಾಸಿನಿಂದ ಓಡಿಸುತ್ತಿದ್ದರು. ಏರು ಬಂದರೆ ಬಸ್ಸು ಕೆಮ್ಮುತ್ತಿತ್ತು, ಹೊಗೆ ಬಂದರೆ ಭಾವ ಕೆಮ್ಮುತ್ತಿದ್ದ. ಒಳಗೆ ನಿಲ್ಲಲು ಜಾಗವಿಲ್ಲದಷ್ಟು ಜನರಿದ್ದರೂ ಮೂರನೆಯ ಸಲ ಅವನು ಕೆಮ್ಮಿದ ಮೇಲೆ ನಮ್ಮ ಸೀಟಿನ ಸುತ್ತ ಮಾತ್ರ ಇನ್ನಿಬ್ಬರು ಕುಳಿತುಕೊಳ್ಳುವಷ್ಟು ಜಾಗವಾಯಿತು. "ನನ್ನ ಜೋಡಿ ಪ್ರವಾಸ ಮಾಡಿದ್ರ ಇದೊಂದು ಸುಖ ನೋಡ್ರಿ, ಕಾಲು ಚಾಚಿ ಕೂಡ್ರಬಹುದು" ಎಂದು ಅವನು ಕಾಲು ಚಾಚಿದ. ನಾನೂ ಚಾಚಿದೆ. ನನ್ನ ಎದುರಿನ ಹೆಂಗಸು ಮಗುವಿನ ಮೂಗಿಗೆ ಸೆರಗು ಮುಚ್ಚಿದಳು. ಅವಳ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೆಂಬುದು ಬೇರೆ ಮಾತು.

ಅಪ್ಸರಕೊಂಡದ ಹತ್ತಿರ ಬಸ್ಸು ಪೂರ್ತಿ ನಿಂತಿತು. ಡ್ರೈವರು ಇಳಿದು ಒಲೆ ಕೆದಕತೊಡಗಿದ. ಹನ್ನೊಂದಾಗಿತ್ತು, ನನ್ನ ವೇಳಾಪಟ್ಟಿಯ ಪ್ರಕಾರ ನಾವು ಹೊನ್ನಾವರದಲ್ಲಿ ಕಾಫಿ ಕುಡಿಯುತ್ತಿರಬೇಕಿತ್ತು. ಗಾಬರಿ ಮುಚ್ಚಿಕೊಳ್ಳಲು ನಾನು ಮತ್ತೆ ಗೈಡನಾದೆ. "ಅಗೋ ಆ ಗುಡ್ಡದಲ್ಲಿ ಒಂದು ಅಬ್ಬಿ ಉಂಟು ಭಾವ, ಮೇಲಿಂದ ನೀರು ಬೀಳ್ತದೆ. ಹಿಂದೆ ಅಪ್ಸರೆಯರು ಅಲ್ಲಿ ಸ್ನಾನಕ್ಕೆ ಬರ್ತಿದ್ರಂತೆ."

"ಯಾಕ, ಅವರ ಪೈಕಿನೂ ಯಾರರ ತೀರಿಕೊಂಡಿದ್ರೇನು?" ಎಂದು ಭಾವ ಮುಖ ಗಂಭೀರ ಮಾಡಿಕೊಂಡು ಕೇಳಿದ.

ಶರಾವತಿಯ ದಡಕ್ಕೆ ಬಂದಾಗ ಹನ್ನೆರಡೂವರೆ. ಹೊನ್ನಾವರಕ್ಕೆ ದೋಣಿಯಲ್ಲೇ ದಾಟಬೇಕು. ಹೊಳೆ ಅಲ್ಲಿ ಹೊಳೆಯಂತಿಲ್ಲ. ಅಗಲವಾಗಿ ಅವಸರವಿಲ್ಲದೆ ಹೋಗಿ ಸಮುದ್ರಕ್ಕೆ ಸೇರುತ್ತದೆ. ಸೇರುವ ಆ ಅಳಿವೆ ದೋಣಿಯಿಂದ ಕಾಣುತ್ತದೆ. ಅಲ್ಲಿ ಬಿಳಿಯ ನೊರೆಯ ಒಂದು ಗೆರೆ ಎದ್ದು ಬೀಳುತ್ತಿತ್ತು. ನಾನು ಬೇಕೆಂದೇ ಬೇರೆ ಕಡೆ ಮುಖ ಮಾಡಿ ಕುಳಿತೆ.

"ಇಲ್ಲಿ ಯಾರು?" ಭಾವ ಮೆಲ್ಲಗೆ ಕೇಳಿದ.

"ಇಲ್ಲಿ ಯಾರೂ ಇಲ್ಲ."

ಅವನು ಕಾಯ್ದ. ಮಾಸ್ತರನಾದವನಿಗೆ ಪ್ರಶ್ನೆ ಕೇಳಿ ಸುಮ್ಮನಿರುವವರ ಎದುರು ಬಹಳ ಹೊತ್ತು ಕೂರಲಾಗುವುದಿಲ್ಲ. "ನಮ್ಮ ಅಪ್ಪ" ಎಂದೆ. ಭಾವ ಅಳಿವೆಯ ಕಡೆ ಕೈಮುಗಿದ. ಆಮೇಲೆ ಒಂದೊಂದಾಗಿ ಕೇಳತೊಡಗಿದ. ದೋಣಿ ಎಲ್ಲಿಯವರೆಗೆ ಹೋಗುತ್ತದೆ, ಉಬ್ಬರದಲ್ಲಿ ಬಿಡುವುದು ಒಳ್ಳೆಯದೋ ಇಳಿತದಲ್ಲೋ, ಬಿಟ್ಟದ್ದು ಎಷ್ಟು ದೂರ ಹೋಗುತ್ತದೆ. ಜೀವಮಾನದಲ್ಲಿ ಮೊದಲ ಸಲ ನನ್ನ ವಿದ್ಯೆಗೆ ಒಬ್ಬ ಶಿಷ್ಯ ಸಿಕ್ಕಿದ್ದ. ಹೆಂಡತಿ ಹಾಕಿದ ಬೀಗ ಮುರಿದುಬಿತ್ತು. ಇಳಿತದಲ್ಲೇ ಬಿಡಬೇಕೆಂದೆ. ನಮ್ಮ ಚಿಕ್ಕಪ್ಪನನ್ನು ಅವಸರದಲ್ಲಿ ಉಬ್ಬರದ ಹೊತ್ತಿಗೆ ಬಿಟ್ಟದ್ದು, ನಾವು ಮುಳುಗು ಹಾಕಿ ಏಳುವಷ್ಟರಲ್ಲಿ ಮಡಕೆಯೂ ತುಳಸಿಮಾಲೆಯೂ ನಮ್ಮ ಕಾಲ ಬುಡಕ್ಕೇ ಬಂದು ನಿಂತದ್ದು ಹೇಳಿದೆ. ಚಿಕ್ಕಪ್ಪ ಬದುಕಿದ್ದಾಗಲೂ ಹಾಗೇ. ಮನೆಯಿಂದ ಹೊರಟ ಮೇಲೆ ಕೊಡೆಗೊಮ್ಮೆ, ನಶ್ಯದ ಡಬ್ಬಿಗೊಮ್ಮೆ, ಕನ್ನಡಕಕ್ಕೊಮ್ಮೆ ತಿರುಗಿ ಬರುತ್ತಿದ್ದ. ಭಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ದೋಣಿಯವನೂ ನಕ್ಕ. ನಾನು ಪಾಠ ಚೆನ್ನಾಗಿ ಆಯಿತೆಂಬ ಹೆಮ್ಮೆಯಲ್ಲಿ ದಡಕ್ಕೆ ಇಳಿದೆ.

ಕುಮಟೆಯಲ್ಲಿ ಬಸ್ಸಿಳಿದಾಗ ಎರಡೂಕಾಲು. ನೇರ ಮನೆಗೆ ಹೋದರೆ ಸರಿಯಾಗುತ್ತಿತ್ತು. ಭಾವ ಒಪ್ಪಲಿಲ್ಲ. "ಮೂರು ಊರು ಅಂತ ಹೇಳೀರಿ. ಲೆಕ್ಕ ತಪ್ಪಸಬ್ಯಾಡ್ರಿ" ಎಂದ. ಗಾಡಿ ಮಾಡಿಕೊಂಡು ಸಮುದ್ರಕ್ಕೆ ಹೋದೆವು. ಬಿಸಿಲಿಗೆ ಮರಳು ಕಾದಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಹಿಂದೆ ಧಾರವಾಡ ಸೀಮೆಯ ಹತ್ತಿಯೆಲ್ಲ ಘಟ್ಟ ಇಳಿದು ಇಲ್ಲಿಂದಲೇ ಹಡಗು ಹತ್ತುತ್ತಿತ್ತೆಂದು ನಾನು ಹೇಳಿದೆ. ಅವನು ಗಾಡಿಯ ನೆರಳಿನಲ್ಲಿ ಕುಳಿತು ಬಹಳ ಹೊತ್ತು ನೀರು ನೋಡಿದ.

"ನಮ್ಮ ಹತ್ತಿಗೆ ಕುಮಟಾ ಸರಿ" ಎಂದ ಕೊನೆಗೆ. "ನನಗ ಹೊನ್ನಾವರ ಇರಲಿ ಮಾಸ್ತರ."

ನನಗೆ ತಿಳಿಯಲಿಲ್ಲ. ಹೊನ್ನಾವರದ ಹವೆ ಒಗ್ಗಬಹುದೆಂದು ಹೇಳುತ್ತಿದ್ದಾನೆಂದುಕೊಂಡು, ಅಲ್ಲಿ ಒಂದು ಬಾಡಿಗೆ ಮನೆ ನೋಡೋಣವೆಂದೆ.

"ಮನಿ ಯಾತಕ್ಕ? ದೋಣಿ ಸಾಕು. ಡಾಕ್ಟರು ನಿಮಗ ಬರೆದ ಕಾಗದ ಟಪಾಲಿಗೆ ಹಾಕು ಅಂತ ನನ್ನ ಕೈಯಾಗೇ ಕೊಟ್ಟಿದ್ರು. ಗೋಂದು ಸರಿ ಹತ್ತಿರಲಿಲ್ಲ." ಅವನು ನನ್ನ ಮುಖ ನೋಡಿ ಮಗುವಿಗೆ ಸಮಾಧಾನ ಹೇಳುವವನ ಹಾಗೆ ನನ್ನ ಮೊಣಕಾಲು ತಟ್ಟಿದ. "ಹುಬ್ಬಳ್ಳ್ಯಾಗ ನೀರ ಇಲ್ಲ. ಎಲ್ಲಿಗೆ ಹೋಗೂದು ಅಂತ ಒಂದ್ಸಲ ನೋಡಿಟ್ಟುಕೊಳ್ಳೂಣು ಅನಸ್ತು. ಹೊನ್ನಾವರದಾಗ ನಿಮ್ಮ ಅಪ್ಪ ಅದಾರ, ಗುರುತಿನವರು. ಇಳಿತದಾಗ ಬಿಡ್ರಿ. ನನಗ ತಿರುಗಿ ಬರೂದು ಏನೂ ಇಲ್ಲ. ತಂಗಿಗೆ ಮಾತ್ರ ಹೇಳಬ್ಯಾಡ್ರಿ, ನನಗೇನೂ ಗೊತ್ತಿಲ್ಲ ಅಂತ ಆಕಿ ಭಾಳ ಕಷ್ಟಪಟ್ಟು ನಗಾಕತ್ಯಾಳ."

ಬೆಳಗಿನಿಂದ ನಾನು ಎಷ್ಟು ಉತ್ಸಾಹದಿಂದ ಆ ಮನುಷ್ಯನಿಗೆ ಅವನ ಜಾಗ ತೋರಿಸುತ್ತ ಬಂದಿದ್ದೆನೆಂದು ಆಗ ಗೊತ್ತಾಯಿತು. ಅಷ್ಟು ನಾಚಿಕೆ, ಅಷ್ಟು ದುಃಖ ಒಟ್ಟಿಗೆ ನನಗೆ ಎಂದೂ ಆದದ್ದಿಲ್ಲ. ನಾನು ಅತ್ತೆ. ಅವನು ಹೆಗಲ ಮೇಲಿನ ಶಾಲು ಎಳೆದುಕೊಂಡು, "ಮೂರಾತು ನೋಡ್ರಿ" ಎಂದ. ಅವನ ಕೈ ಮುಟ್ಟಿದೆ. ಜ್ವರ ಬಂದಿತ್ತು.

ಮನೆಯಲ್ಲಿ ಅವನನ್ನು ಮಲಗಿಸಿದ ಮೇಲೆ ಹೆಂಡತಿ ಕೇಳಿದಳು: "ಎಂತ ಮಾತಾಡಿದ್ರಿ ದಾರಿ ಪೂರ್ತಿ?"

"ಹವೆಯ ಬಗ್ಗೆ" ಎಂದೆ. ಅವಳು ನನ್ನ ಕಣ್ಣು ನೋಡಿ ಒಲೆಯ ಕಡೆ ತಿರುಗಿದಳು. ಅಲ್ಲಿಂದ ಮುಂದೆ ಎರಡು ತಿಂಗಳು ಅವನಿಗೆ ಗೊತ್ತಿಲ್ಲವೆಂದು ಅವಳು ನಕ್ಕಳು, ಅವಳಿಗಾಗಿ ಅವನು ನಕ್ಕ, ಇಬ್ಬರ ನಡುವೆ ನಾನು ನಕ್ಕೆ. ಅಷ್ಟು ನಗು ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಇಲ್ಲ.

ಡಾಕ್ಟರ ಮಾತು ಸುಳ್ಳಾಗಲಿಲ್ಲ. ಯುಗಾದಿಯಾಗಿ ಹತ್ತು ದಿನಕ್ಕೆ ಭಾವ ತೀರಿಕೊಂಡ. ಹುಬ್ಬಳ್ಳಿಯಿಂದ ಅವನ ತಮ್ಮ ಬಂದ. ಅವನು ಅದುವರೆಗೆ ಸಮುದ್ರ ನೋಡಿದವನಲ್ಲ. ಬಳಗದವರು ಹತ್ತಿರದಲ್ಲೇ ಕುಮಟೆಯಲ್ಲಿ ಬಿಟ್ಟರಾಯಿತೆಂದರು. ನಾನು ಹೊನ್ನಾವರವೇ ಆಗಬೇಕೆಂದು ಜಗಳವಾಡಿದೆ. ಮಡಕೆಯ ವಿಷಯದಲ್ಲಿ ನನ್ನ ಮಾತೇ ಕೊನೆಯಾದ್ದರಿಂದ ಯಾರೂ ಬಹಳ ಎದುರಾಡಲಿಲ್ಲ. ಇಳಿತದ ಹೊತ್ತು ನೋಡಿ ದೋಣಿ ಬಿಟ್ಟೆವು. ಭಾವನ ತಮ್ಮ ಮಡಕೆಯನ್ನು ನೀರಿಗೆ ಬಿಟ್ಟ. ದಡಕ್ಕೆ ಬಂದು ಮುಳುಗು ಹಾಕಿ ಎದ್ದೆವು. ಭಟ್ಟರು "ಇನ್ನು ಹಿಂತಿರುಗಿ ನೋಡದೆ ಬನ್ನಿ" ಎಂದು ಮುಂದೆ ನಡೆದರು. ತಮ್ಮ ಅವರ ಹಿಂದೆ, ನಾನು ಕೊನೆಗೆ.

ಎಷ್ಟೋ ಜನರನ್ನು ಬಿಟ್ಟು ಬಂದವನು, ಒಮ್ಮೆಯೂ ಶಾಸ್ತ್ರ ತಪ್ಪಿದವನಲ್ಲ. ಅಂದು ನಾನು ನಿಂತೆ, ತಿರುಗಿದೆ, ಚೆನ್ನಾಗಿ ನೋಡಿದೆ. ಭಟ್ಟರು "ಏನು ಮಾಸ್ತರೇ, ನಿಮಗೂ ಹೇಳಿಕೊಡಬೇಕೇ?" ಎಂದು ಸಿಟ್ಟಾದರು. ಏನು ಹೇಳಲಿ? ಕರೆದುಕೊಂಡು ಬಂದವನು ಗೈಡು. ತನ್ನ ಪ್ರವಾಸಿ ಎಲ್ಲಿಯವರೆಗೆ ಹೋದನೆಂದು ಅವನಾದರೂ ನೋಡಬೇಡವೇ? ನೀರು ಇಳಿಯುತ್ತಿತ್ತು. ಭಾವ ಹೇಳಿದಂತೆಯೇ ಮಾಡಿದ್ದ, ಏನೂ ತಿರುಗಿ ಬರಲಿಲ್ಲ.