ಕೆಲಸ ಮುಟ್ಟದ ಹೆಬ್ಬೆಟ್ಟು

ಶಹಾಬಾದಿನ ಶಿವಕಾಂತಮ್ಮ ಎಂಬ ಐವತ್ತೆಂಟು ವರ್ಷದ ಹೆಣ್ಣುಮಗಳಿಗೆ ಹೆಬ್ಬೆಟ್ಟು ಇಲ್ಲವೆಂದು ರಾಷ್ಟ್ರೀಯ ಆಡಳಿತ ಸುಧಾರಣೆ ಮತ್ತು ಆಧುನೀಕರಣ ಅಭಿಯಾನವು ಜೂನ್ ತಿಂಗಳ ಮೂರನೆಯ ಮಂಗಳವಾರ ಅಧಿಕೃತವಾಗಿ ಕಂಡುಕೊಂಡಿತು. ಹೆಬ್ಬೆಟ್ಟು ಆಕೆಯ ಕೈಯಲ್ಲೇ ಇತ್ತು, ಎರಡೂ ಇದ್ದವು. ಆದರೆ ಇಂಥ ಸಣ್ಣಪುಟ್ಟ ಸಂಗತಿಗಳಿಂದ ಆಡಳಿತ ದಾರಿ ತಪ್ಪುವ ಕಾಲ ಮುಗಿದಿತ್ತು.

ಕಾರಣ ಹೇಳಬೇಕಾದರೆ ನಮ್ಮ ಶಹಾಬಾದಿ ಫರಸಿಯ ಹಿರಿಮೆಯನ್ನೇ ಹೇಳಬೇಕು. ಆ ನೆಲಹಾಸು ಕಲ್ಲು ಎಷ್ಟು ನುಣುಪೆಂದರೆ, ಮೇಲೆ ಕೂತ ನೊಣ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತದೆ. ಹಾಗೆ ಕುಂಟುವ ನೊಣಗಳನ್ನು ಕಣ್ಣಾರೆ ಕಂಡವರು ಊರಲ್ಲಿ ಇನ್ನೂ ಇದ್ದಾರೆ. ಅಂಥ ಫರಸಿಯನ್ನು ಮೂವತ್ತೊಂದು ವರ್ಷ ಕೈಯಾರೆ ಉಜ್ಜಿದವಳು ಶಿವಕಾಂತಮ್ಮ. ಕಲ್ಲಿನ ಜೊತೆಗೆ ಬೆರಳೂ ಸವೆದು ನುಣುಪಾದವು. ಒಂದು ಗೆರೆ ಉಳಿಯಲಿಲ್ಲ.

ಹಿಂದೆಲ್ಲ ರೇಷನ್ ಅಂಗಡಿಯ ಮಜೀದಸಾಬ ಆಕೆಯ ಮುಖ ನೋಡಿ ಅಕ್ಕಿ ಅಳೆಯುತ್ತಿದ್ದ. ಮುಖ ನೋಡಿ ಮನುಷ್ಯರನ್ನು ಗುರುತಿಸುವುದು ಹಳೆಯ ಪದ್ಧತಿ, ಅದು ಪಕ್ಷಪಾತಕ್ಕೆ ದಾರಿ ಎಂದು ಅಭಿಯಾನ ಅದನ್ನು ರದ್ದು ಮಾಡಿತು. ಈಗ ಬೆರಳಿನ ಗೆರೆ ನೋಡುವ ಹೊಸ ಯಂತ್ರ. ಶಿವಕಾಂತಮ್ಮ ಬೆರಳಿಟ್ಟಾಗಲೆಲ್ಲ ಅದು ಬಹಳ ವಿನಯದಿಂದ, "ಕ್ಷಮಿಸಿ, ನೀವು ಲಭ್ಯವಿಲ್ಲ" ಎನ್ನುತ್ತಿತ್ತು.

"ಮಜೀದಣ್ಣ, ನಾ ಇಲ್ಲೇ ನಿಂತೀನಲ್ಲೋ."

"ನನಗ ಕಾಣಸ್ತದವ್ವ, ಯಂತ್ರಕ್ಕ ಕಾಣಸವಲ್ದು. ನಾ ಏನ್ ಮಾಡ್ಲಿ?"

ಹೀಗೆ ಆಕೆ ಲಭ್ಯವಿಲ್ಲದೆ ಮೂರು ತಿಂಗಳಾದವು. ಮನೆಯಲ್ಲಿ ಗಂಡ ದೇವಿಂದ್ರಪ್ಪ ಗಣಿಯ ಕಲ್ಲುಪುಡಿಯನ್ನೆಲ್ಲ ಎದೆಯೊಳಗೆ ತುಂಬಿಕೊಂಡು ಹಾಸಿಗೆ ಹಿಡಿದಿದ್ದ. ಆತನಿಗೆ ಎರಡು ಹೊತ್ತು ಅನ್ನ ಬೇಕಿತ್ತು. ಆ ಅನ್ನ ಯಂತ್ರದ ಬಾಯಲ್ಲಿತ್ತು.

ಜೊತೆಗೆ ಕಲ್ಲು ಉಜ್ಜುವ ಮಶಾಕನನ್ನು ಕರೆದುಕೊಂಡು ಆಕೆ ಟಂಟಂ ಆಟೋ ಹತ್ತಿ ವಾಡಿಗೆ ಹೋದಳು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಐದಕ್ಕೂ ಸೇರಿ ಅಭಿಯಾನದ ಕೇಂದ್ರ ಕಚೇರಿ ಅಲ್ಲಿತ್ತು. ಮುಖ್ಯಾಧಿಕಾರಿ ಉಮಾದೇವಿ ಮೇಡಂ ನಿಷ್ಠಾವಂತೆ. ಊಟಕ್ಕೆ ಮುಂಚೆ ತಮ್ಮ ಹಸಿವಿನ ಬಗ್ಗೆಯೂ ಒಂದು ಟಿಪ್ಪಣಿ ಬರೆದು ತಾವೇ ಮಂಜೂರು ಮಾಡಿಕೊಳ್ಳುತ್ತಿದ್ದರು.

"ಗೆರಿ ಎಲ್ಲಿ ಕಳಕೊಂಡ್ರಿ?" ಎಂದು ಕೇಳಿದರು ಮೇಡಂ.

"ಕಳಕೊಂಡಿಲ್ರೀ ಯವ್ವಾ. ನಿಮ್ಮ ಕಾಲಬುಡಕ ಅದಾವ ನೋಡ್ರಿ. ಈ ಕಚೇರಿ ಫರಸಿ ನಾನೇ ಉಜ್ಜೀನಿ."

ಮೇಡಂ ನೆಲ ನೋಡಿದರು. ಮಾತಿನಲ್ಲಿ ಸತ್ಯಾಂಶ ಇರಬಹುದೆಂದು ಯಂತ್ರವನ್ನು ಬೋರಲು ಹಾಕಿಸಿ ನೆಲಕ್ಕೆ ಒತ್ತಿಸಿದರು. ನೆಲವೂ ಲಭ್ಯವಿರಲಿಲ್ಲ. ಕಡತದಲ್ಲಿ ಹೀಗೆ ದಾಖಲಾಯಿತು: "ಅರ್ಜಿದಾರರ ಗೆರೆಗಳು ಸರ್ಕಾರಿ ಕಟ್ಟಡದಲ್ಲಿ ವಿಲೀನಗೊಂಡಿರುತ್ತವೆ."

"ನಿಯಮ ಹದಿನಾಲ್ಕು ಅದ," ಎಂದರು ಮೇಡಂ. "ಆರು ತಿಂಗಳು ಕೈಗಿ ಏನೂ ಕೆಲಸ ಹಚ್ಚಬ್ಯಾಡ್ರಿ. ಗೆರಿ ತಾವೇ ಮೂಡತಾವ."

"ಆರು ತಿಂಗಳು ಏನ್ ತಿನ್ಲಿರಿ?"

"ಅದು ಬ್ಯಾರೆ ಇಲಾಖೆಗಿ ಬರತದ."

ಪರಿಶೀಲಿಸಲಾಗಿ, ಶಿವಕಾಂತಮ್ಮನದು ಒಂಟಿ ಪ್ರಕರಣವಾಗಿರಲಿಲ್ಲ. ಶಹಾಬಾದಿನಲ್ಲಿ ಕಲ್ಲು ಉಜ್ಜಿದವರು, ವಾಡಿ ಮತ್ತು ಕೋಡ್ಲಾದಲ್ಲಿ ಸಿಮೆಂಟ್ ಚೀಲ ಹೊತ್ತವರು, ಚಿಂಚೋಳಿ ಕಡೆ ತೊಗರಿ ಕೊಯ್ದವರು, ಎಲ್ಲ ಸೇರಿ ನಾನೂರ ಹನ್ನೆರಡು ಮಂದಿ ಗೆರೆಯಿಲ್ಲದವರು ಸಿಕ್ಕರು. ಯಂತ್ರಕ್ಕೆ ದುಡಿದವರೇ ಸಿಗುತ್ತಿಲ್ಲ, ಮಿಕ್ಕವರೆಲ್ಲ ಸಿಗುತ್ತಿದ್ದಾರೆ ಎಂಬುದನ್ನು ದಿಲ್ಲಿ ಗಂಭೀರವಾಗಿ ಪರಿಗಣಿಸಿತು. ತಿಂಗಳೊಳಗೆ ನೂರಕ್ಕೆ ನೂರು ಸಾಧನೆ ಆಗಬೇಕಿತ್ತು. ಕೂಡಲೇ ಸುತ್ತೋಲೆ ಬಂತು: "ಪ್ರತಿ ಕೇಂದ್ರವು ಒಂದು ಉತ್ತಮ ಹೆಬ್ಬೆಟ್ಟನ್ನು ಗುರುತಿಸಿ, ಗೆರೆರಹಿತ ನಾಗರಿಕರ ಪರವಾಗಿ ಒತ್ತತಕ್ಕದ್ದು. ಸದರಿ ಹೆಬ್ಬೆಟ್ಟನ್ನು ಬದಲಿ ಹೆಬ್ಬೆಟ್ಟು ಎಂದು ಕರೆಯತಕ್ಕದ್ದು."

ಸಿಬ್ಬಂದಿಯ ಬೆರಳುಗಳ ತಪಾಸಣೆ ನಡೆಯಿತು. ಮೇಡಮ್ಮಿನ ಹೆಬ್ಬೆಟ್ಟು ಮೊಬೈಲ್ ತಿಕ್ಕಿ ತಿಕ್ಕಿ ಅರ್ಧ ಸವೆದಿತ್ತು. ಗುಮಾಸ್ತರದನ್ನು ಎಲೆಅಡಿಕೆಯ ಸುಣ್ಣ ತಿಂದಿತ್ತು. ಡ್ರೈವರನದು ಹಾರ್ನಿನ ಮೇಲೇ ಸಮೆದುಹೋಗಿತ್ತು. ಕೊನೆಗೆ ಅಟೆಂಡರ್ ಶಂಕರಲಿಂಗನ ಸರದಿ. ಇಪ್ಪತ್ತೊಂಬತ್ತು ವರ್ಷದ ಸೇವೆಯಲ್ಲಿ ಈತ ಒಂದು ಕಡತ ಎತ್ತಿದವನಲ್ಲ, ಒಂದು ಬಾಗಿಲು ತೆಗೆದವನಲ್ಲ. ತೆರೆದಿದ್ದರೆ ಒಳಗೆ ಬರುವವನು, ಮುಚ್ಚಿದ್ದರೆ ಹಾಗೇ ಮನೆಗೆ ಹೋಗುವವನು. ಬೆರಳು ಇನ್ನೂ ಅರ್ಧ ಮೊಳ ದೂರ ಇರುವಾಗಲೇ ಯಂತ್ರ ಗುರುತು ಹಿಡಿದು "ಸುಸ್ವಾಗತ" ಎಂದಿತು. "ಯಾವುದೇ ಕೆಲಸದಿಂದ ಕಲುಷಿತಗೊಳ್ಳದ, ರಾಷ್ಟ್ರೀಯ ಗುಣಮಟ್ಟದ ಹೆಬ್ಬೆಟ್ಟು" ಎಂದು ತಜ್ಞರು ಬರೆದರು.

ಅಂದಿನಿಂದ ಆ ಹೆಬ್ಬೆಟ್ಟು ಸರ್ಕಾರಿ ಆಸ್ತಿ. ಅದಕ್ಕೊಂದು ಮಖಮಲ್ಲಿನ ಚೀಲ, ಒಂದು ಜೀಪು, ಜೀಪಿನ ಮುಂದೆ ಬ್ಯಾನರು. ರೊಟ್ಟಿ ಮುರಿದರೆ ಗೆರೆ ಸವೆದಾವೆಂದು ಶಂಕರಲಿಂಗನಿಗೆ ತುತ್ತು ಮಾಡಿ ಉಣಿಸಲು ಇಬ್ಬರ ನಿಯೋಜನೆಯಾಯಿತು. ಸೋಮವಾರ ಸೇಡಂ, ಮಂಗಳವಾರ ಚಿತ್ತಾಪುರ, ಹೀಗೆ ಹೆಬ್ಬೆಟ್ಟು ಐದೂ ಊರಿನ ಪ್ರವಾಸ ಹೊರಟಿತು.

ಶಹಾಬಾದಿಗೆ ಬಂದ ದಿನ ಸರದಿಯಲ್ಲಿ ನಿಂತವರೆಲ್ಲರ ಕೈಯಲ್ಲಿ ಒಂದೊಂದು ಸೇರು ತೊಗರಿಬೇಳೆ. ಹೆಬ್ಬೆಟ್ಟಿನ ಪೋಷಣೆಗೆಂದು ಅದನ್ನು ಸ್ವಯಂಪ್ರೇರಿತವಾಗಿ ಕೊಡುವುದು ಕಡ್ಡಾಯವಾಗಿತ್ತು.

"ಹೆಬ್ಬಟ್ಟಿಗ್ಯಾಕ ಬ್ಯಾಳಿ, ಶಂಕರಲಿಂಗಪ್ಪ?" ಎಂದ ಮಶಾಕ.

"ಮೊದಲ ಹೊಟ್ಟಿಗಿ ಹೋಗತದ, ಅಲ್ಲಿಂದ ಹೆಬ್ಬಟ್ಟಿಗಿ ಇಳೀತದ. ಸೈನ್ಸ್ ಓದಿಲ್ಲೇನು?" ಎಂದ ಶಂಕರಲಿಂಗ, ತುತ್ತಿಗೆ ಬಾಯಿ ತೆರೆಯುತ್ತ.

ಶಿವಕಾಂತಮ್ಮ ನೆರೆಮನೆಯಿಂದ ಬೇಡಿ ತಂದ ಬೇಳೆ ಒಪ್ಪಿಸಿದಳು. ಆಕೆಯ ಪರವಾಗಿ ಹೆಬ್ಬೆಟ್ಟು ಯಂತ್ರದ ಮೇಲೆ ಇಳಿಯಿತು. ಯಂತ್ರ ಖುಷಿಯಿಂದ ಕೂಗಿತು: "ಸುಸ್ವಾಗತ ಶಂಕರಲಿಂಗ. ನೀವು ಸರ್ಕಾರಿ ನೌಕರರು. ನಿಮಗೆ ಬಡವರ ಅಕ್ಕಿ ಇರುವುದಿಲ್ಲ."

ನಾನೂರ ಹನ್ನೆರಡು ಮಂದಿಗೂ ಇದೇ ಉತ್ತರ. ಮೇಡಂ ದಿಲ್ಲಿಗೆ ಬರೆದು ಕೇಳಿದರು. ಯಂತ್ರ ತಪ್ಪುವುದಿಲ್ಲ, ಆದ್ದರಿಂದ ಜನ ತಿದ್ದಿಕೊಳ್ಳಬೇಕು ಎಂದು ದಿಲ್ಲಿ ಆದೇಶಿಸಿತು: "ಬದಲಿ ಹೆಬ್ಬೆಟ್ಟು ಪಡೆದ ಸರ್ವರನ್ನೂ ಸಕಲ ಆಡಳಿತಾತ್ಮಕ ಉದ್ದೇಶಗಳಿಗೆ ಶಂಕರಲಿಂಗ ಎಂದೇ ಪರಿಗಣಿಸತಕ್ಕದ್ದು." ನಾನೂರ ಹನ್ನೆರಡು ಬಡವರು ಒಂದೇ ಮಧ್ಯಾಹ್ನ ಇಲ್ಲವಾದರು. ಬಡತನ ಇಷ್ಟು ಬೇಗ, ಇಷ್ಟು ಅಗ್ಗವಾಗಿ ನಿವಾರಣೆಯಾದದ್ದು ದೇಶದಲ್ಲೇ ಮೊದಲು.

"ಮೇಡಂ, ನಾವು ಸರ್ಕಾರಿ ನೌಕರರಾದ್ರ ಪಗಾರ ಎಲ್ಲಿ?" ಎಂದು ಶಿವಕಾಂತಮ್ಮನ ಜೊತೆ ಮತ್ತೆ ವಾಡಿ ಕಚೇರಿಗೆ ಬಂದ ಮಶಾಕ ಕೇಳಿದ.

"ಪಗಾರ ಹುದ್ದೆಗಿ ಇರತದ. ಹುದ್ದೆ ಒಂದೇ ಅದ. ಅದು ಮೂಲ ಹೆಬ್ಬೆಟ್ಟಿಗಿ ಹೋಗತದ."

ಶಿವಕಾಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಪಗಾರ ಬ್ಯಾಡ್ರಿ. ಅಕ್ಕಿ ಕೊಡಲ್ಲಂದ್ರ ಬ್ಯಾಡ. ನಾ ಶಂಕರಲಿಂಗ ಖರೇ ಆದ್ರ, ಶಂಕರಲಿಂಗ ದಿನಾ ಏನ್ ಮಾಡತಾನ, ಅದನ್ನೇ ನಾನೂ ಮಾಡತೀನಿ. ಫ್ಯಾನ್ ಹಚ್ರಿ."

ಎಂದವಳೇ ಕಚೇರಿಯಲ್ಲಿ ಗೋಡೆಗೊರಗಿ ಕೂತಳು. ಮೇಡಂ ನಿಯಮಾವಳಿ ತಿರುವಿದರು. ನೌಕರನನ್ನು ಕಚೇರಿಯಿಂದ ಹೊರಗೆ ಹಾಕುವುದಕ್ಕೆ ಇಪ್ಪತ್ಮೂರು ಹಂತಗಳಿದ್ದವು, ಮೊದಲ ಹಂತದ ಫಾರಂ ಮುದ್ರಣ ನಿಂತು ಒಂಬತ್ತು ವರ್ಷವಾಗಿತ್ತು. ಮರುದಿನ ಹತ್ತು ಗಂಟೆಗೆ ಮಶಾಕ ಬಂದ. ವಾರದೊಳಗೆ ಉಳಿದವರೂ ಬಂದರು. ಕುರ್ಚಿ ಸಾಲದೆ ಫರಸಿಯ ಮೇಲೆ ಕೂತರು, ಅದು ತುಂಬಿ ಅಂಗಳಕ್ಕೆ ಇಳಿದರು, ಅಲ್ಲಿಂದ ರೈಲ್ವೆ ಹಳಿಯವರೆಗೂ ಶಂಕರಲಿಂಗರೇ. ಗಾಡಿ ಹೊರಡಲು ಹಸಿರು ಬಾವುಟ ತೋರಿಸುವ ಮೊದಲು ಗಾರ್ಡು, "ಸ್ವಲ್ಪ ಕಾಲು ಮಡಚ್ರಿ ಶಂಕರಲಿಂಗಪ್ಪನವರೇ" ಎಂದು ಕೈಮುಗಿಯುತ್ತಿದ್ದ.

ಯಾರೂ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ದೂರಿಗೆ ಆಸ್ಪದವಿರಲಿಲ್ಲ. ತಿಂಗಳ ವರದಿಯಲ್ಲಿ, ಒಂದು ಹುದ್ದೆಗೆ ಮೂಲ ಶಂಕರಲಿಂಗನೂ ಸೇರಿ ನಾನೂರ ಹದಿಮೂರು ಮಂದಿ, ಅಂದರೆ ಶೇಕಡಾ ನಲವತ್ತೊಂದು ಸಾವಿರದ ಮುನ್ನೂರು ಹಾಜರಾತಿ ದಾಖಲಾಯಿತು. ದಿಲ್ಲಿಯವರು ಬಂದು ಮೇಡಮ್ಮಿಗೆ ಶಾಲು ಹೊದಿಸಿದರು, ಇಷ್ಟು ಹಾಜರಾತಿ ಇರುವಲ್ಲಿ ತರಬೇತಿ ಇಲ್ಲದಿರುವುದು ಸರಿಯಲ್ಲವೆಂದು ಕಾಯಂ ತರಬೇತಿ ಮಂಜೂರು ಮಾಡಿದರು. ವಿಷಯ, ಕೆಲಸದ ಒತ್ತಡ ನಿರ್ವಹಣೆ. ತರಬೇತಿಗೆ ಬಂದವರಿಗೆ ಮಧ್ಯಾಹ್ನ ಪಲಾವಿನ ಪೊಟ್ಟಣ. ಅಡುಗೆ ಗುತ್ತಿಗೆ ದಿಲ್ಲಿಯವರ ಭಾವಮೈದುನನದು. ಆತ ಬೆರಳು ಒತ್ತಿಸುವ ತಂಟೆಗೆ ಹೋಗದೆ ತಲೆ ಎಣಿಸಿ ಊಟ ಬಡಿಸುತ್ತಿದ್ದ, ಎಷ್ಟು ತಲೆಯೋ ಅಷ್ಟು ಬಿಲ್ಲು.

ಶಿವಕಾಂತಮ್ಮ ಅರ್ಧ ಪೊಟ್ಟಣ ಉಂಡು ಅರ್ಧ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಐದಕ್ಕೆ ಕಚೇರಿ ಬಿಟ್ಟು, ಟಂಟಂ ಇಳಿದು, ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟುತ್ತಿದ್ದಳು. ಬಾಗಿಲು ಸದ್ದಾದರೆ ಹಾಸಿಗೆಯಿಂದ ದೇವಿಂದ್ರಪ್ಪ ಕೆಮ್ಮುತ್ತ ಕೇಳುತ್ತಿದ್ದ:

"ಯಾರದು?"

"ನಾನು, ಶಂಕರಲಿಂಗ."

"ಬಾರಪ್ಪ, ಬಾ. ಇವತ್ತು ಪಲಾವದಾಗ ಬಟಾಣಿ ಹಾಕ್ಯಾರೇನು?"