ಆರು ಪರ್ಸಿ ಉದ್ದ, ಮೂರು ಪರ್ಸಿ ಅಗಲ

ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಆದ್ದರಿಂದ ಒಂದು ಸಣ್ಣ ಟ್ರೇಲರ್ ಮಾಡಿಸುವುದು ನನ್ನ ಎಡಗೈ ಕೆಲಸ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ, ಒಳಗೆ ಹಾಸಿಗೆ, ಒಲೆ ಎಲ್ಲ ಇರುವ ಚಕ್ರದ ಮನೆ. ಇದರಲ್ಲಿ ಇರುವುದೇನು? ಉದ್ದ, ಅಗಲ, ಎತ್ತರ. ಎಂಟನೇ ತರಗತಿಯ ಲೆಕ್ಕ. ಅದೂ ಸುಲಭದ್ದು.

ಆದರೆ ಈ ವಿಚಾರ ಶುರುವಾದದ್ದು ಗಣಿತದಿಂದಲ್ಲ, ನೀರಿನಿಂದ. ನನ್ನ ಹೆಂಡತಿ ನೀಲಮ್ಮ ಅಂಗನವಾಡಿ ಟೀಚರ್ ಆಗಿದ್ದಳು. ನಿವೃತ್ತಿಯ ದಿನ ಕೊರಳಲ್ಲಿ ಹಾರ ಹಾಕಿಕೊಂಡೇ ಮನೆಗೆ ಬಂದು ಕುರ್ಚಿಯಲ್ಲಿ ಕುಳಿತಳು. ಅವಳು ಕುಳಿತದ್ದನ್ನು ಕಂಡ ಕೂಡಲೇ, ರೂಢಿಯಂತೆ, ನನಗೆ ನೀರಡಿಕೆಯಾಯಿತು. "ನೀರು ತಾ" ಎಂದೆ. ಎದ್ದು ಹೋಗಿ ತಂದುಕೊಟ್ಟು, ಮತ್ತೆ ಕುಳಿತು ಹೇಳಿದಳು:

"ನೋಡ್ರಿ, ಅಂಗನವಾಡಿದಾಗ ಹುಡುಗ್ರು 'ಟೀಚರ್ ಅದು ತಾ, ಇದು ತಾ' ಅಂತಿದ್ವು. ಮನ್ಯಾಗ ನೀವು. ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಎರಡು ದಿನ ಎಲ್ಲಾದ್ರೂ ಗಿಡದ ನೆಳ್ಳಾಗ ಸುಮ್ನ ಕುಂದರಬೇಕು. ಯಾರೂ ನನಗ 'ತಾ' ಅನ್ನಬಾರದು. ಅಷ್ಟೇ."

ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ನಾಲ್ಕು ಮಾತು ಹೇಳುತ್ತಿದ್ದೆ. ಸಿಟ್ಟೇ ಇರಲಿಲ್ಲ. ಅದಕ್ಕೇ ನನಗೆ ಭಾಳ ನಾಚಿಕೆಯಾಯಿತು.

ಎಲ್ಲಿಗೆ ಹೋಗುವುದು? ಚಿತ್ತಾಪುರದಲ್ಲಿ ಅವಳ ಅಣ್ಣ, ಸೇಡಂನಲ್ಲಿ ನನ್ನ ತಂಗಿ, ಕಾಳಗಿಯಲ್ಲಿ ಬೀಗರು. ಯಾರ ಮನೆಗೆ ಹೋದರೂ ನೀಲಮ್ಮ ಚಪ್ಪಲಿ ಬಿಟ್ಟವಳು ನೇರ ಅಡುಗೆಮನೆಗೆ ಹೋಗುತ್ತಾಳೆ. ಚಿಂಚೋಳಿ ಕಡೆ ಕಾಡಿನ ಅಂಚಿನಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ತೊಗರಿ ಹೊಲವಿದೆ. ಅಲ್ಲಿ ಗಿಡಗಳಿವೆ, ನೆರಳಿದೆ, ನೆಂಟರಿಲ್ಲ. ಇಲ್ಲದ್ದು ಮನೆಯೊಂದೇ. ಸರಿ, ಮನೆಯನ್ನೇ ಒಯ್ಯೋಣ ಎಂದು ತೀರ್ಮಾನಿಸಿದೆ. ಇಷ್ಟಕ್ಕೇ ನಿಂತಿದ್ದರೆ ಈ ಬರಹದ ಅಗತ್ಯವಿರಲಿಲ್ಲ.

ನಾನು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಯಾವುದೋ ದೇಶದ ಪುಣ್ಯಾತ್ಮನೊಬ್ಬ ಗುಂಡಿ ಒತ್ತುತ್ತಾನೆ. ಟ್ರೇಲರಿನ ಗೋಡೆ, ಮೇಜಿನ ಡ್ರಾವರ್ ಎಳೆದ ಹಾಗೆ, ಮೆಲ್ಲಗೆ ಹೊರಗೆ ಜಾರುತ್ತದೆ. ಸೋಫಾ ಸಮೇತ! ಒಳಗೆ ಇನ್ನೊಂದು ಕೋಣೆಯಷ್ಟು, ನಮ್ಮ ಮಾತಿನಲ್ಲಿ ಒಂದು ಖೋಲಿಯಷ್ಟು, ಜಾಗ. ಅದಕ್ಕೆ ಸ್ಲೈಡ್‌ಔಟ್ ಎಂದು ಹೆಸರು. ಅದನ್ನು ನೀಲಮ್ಮನಿಗೆ ತೋರಿಸಿ, "ನಮಗೂ ಇದು ಬೇಕು" ಎಂದೆ.

"ಗಾಡಿನೇ ಹೆಬ್ಬೆಟ್ಟಿನಷ್ಟದ. ಅದಕ್ಕೊಂದು ಡ್ರಾವರ್ ಯಾಕ?"

"ಕೈಕಾಲು ಆಡಿಸ್ಲಿಕ್ಕೆ ಜಾಗ ಬೇಕಲ್ಲ?"

"ಕೈಕಾಲು ಆಡಿಸ್ಲಿಕ್ಕೆ ಚಿಂಚೋಳಿ ಅಡವಿ ಅದ."

ಗಂಡ ಹೆಂಡಿರ ನಡುವೆ ಇಂಥ ಭಿನ್ನಾಭಿಪ್ರಾಯ ಬಂದಾಗ ಪ್ರಯೋಗವೊಂದೇ ದಾರಿ. ನಮ್ಮ ಶಹಾಬಾದಿನಲ್ಲಿ ಮನೆಗೆ, ಅಂಗಳಕ್ಕೆ, ಕಟ್ಟೆಗೆ ಎಲ್ಲಕ್ಕೂ ಹಾಸುವುದು ನಮ್ಮೂರ ಕಲ್ಲನ್ನೇ. ಹಾಸಿದ ಕಲ್ಲಿಗೆ ಪರ್ಸಿ ಎನ್ನುತ್ತೇವೆ. ನಮ್ಮ ಅಂಗಳದ ಪರ್ಸಿಗಳು ಎರಡೆರಡು ಅಡಿ ಚೌಕ. ದೇವರೇ ಗ್ರಾಫ್ ಹಾಳೆ ಹಾಸಿಕೊಟ್ಟಿರುವಾಗ ಟೇಪು ಹಿಡಿಯುವವನು ಮೂರ್ಖ. ಸೀಮೆಸುಣ್ಣ ತೆಗೆದುಕೊಂಡು ಆರು ಪರ್ಸಿ ಉದ್ದ, ಮೂರು ಪರ್ಸಿ ಅಗಲದ ಟ್ರೇಲರ್ ಬರೆದೆ. ಬಾಗಿಲು, ಹಾಸಿಗೆ, ಒಲೆ ಎಲ್ಲವನ್ನೂ ಗೀಚಿದೆ. ಒಂದು ಭಾನುವಾರ ಇಡೀ ನಾವಿಬ್ಬರೂ ಈ ಗೆರೆಗಳ ಒಳಗೇ ಇರಬೇಕು. ಇಕ್ಕಟ್ಟೆನಿಸಿದರೆ ಸ್ಲೈಡ್‌ಔಟ್ ಬೇಕು, ಇಲ್ಲದಿದ್ದರೆ ಬೇಡ.

ನೀಲಮ್ಮ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಾ ಕುಳಿತಳು. ನಾನು ಪೇಪರ್ ಹಿಡಿದೆ. ಕನ್ನಡಕ ಮನೆಯೊಳಗಿತ್ತು. ಎದ್ದು ನಡೆದೆ.

"ಗ್ವಾಡಿ ಒಡದ್ರಿ" ಎಂದಳು ತಲೆ ಎತ್ತದೆ.

ಹಿಂದಕ್ಕೆ ಬಂದು ಬಾಗಿಲಿನಿಂದ ಹೊರಗೆ ಹೋಗಲು ತಿರುಗಿದೆ. ತಿರುಗುವಾಗ ಮೊರದಲ್ಲಿ ಕಾಲಿಟ್ಟೆ. ಬೇಳೆ ಅಂಗಳದ ತುಂಬ ಚೆಲ್ಲಿತು, ಕೆಲವು ಗೋಡೆಯನ್ನೂ ದಾಟಿದವು. ಪಕ್ಕದ ಮನೆಯ ಸಿದ್ದಮ್ಮ ಕಂಪೌಂಡಿನ ಮೇಲಿಂದ ಇಣುಕಿದಳು.

"ಏನ್ ಮಾಡ್ಲಿಕತ್ತೀರಿ ಸರ್?"

"ಪ್ರವಾಸಕ್ಕ ಹೋಗೀವಿ" ಎಂದೆ.

"ಹೌದೇನ್ರಿ? ಯಾವಾಗ ಬರ್ತೀರಿ?"

ಸಂಜೆಯ ಹೊತ್ತಿಗೆ ನಾನು ಬೇಳೆಯನ್ನು ಎರಡು ಸಲ, ನೀಲಮ್ಮನ ಕೈಯನ್ನು ಒಂದು ಸಲ, ಒಲೆಯನ್ನು ಮೂರು ಸಲ ತುಳಿದಿದ್ದೆ. ಒಲೆ ಸೀಮೆಸುಣ್ಣದ್ದಾದ್ದರಿಂದ ನಾನು ಬದುಕಿದೆ. ಜಾಗ ಸಾಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

"ಜಾಗ ಬೇಕಾದಷ್ಟದ" ಎಂದಳು ನೀಲಮ್ಮ. "ನೀವು ಒಂದ್ ಕಡಿ ಕುಂದ್ರಂಗಿಲ್ಲ, ಅದು ತೊಂದ್ರಿ."

ಈ ಅಭಿಪ್ರಾಯವನ್ನು ಗೌರವಪೂರ್ವಕವಾಗಿ ಕೇಳಿಸಿಕೊಂಡು ಪಕ್ಕಕ್ಕಿಟ್ಟೆ. ಮೂರು ಪರ್ಸಿ ಉದ್ದದ, ಎರಡು ಪರ್ಸಿ ಹೊರಗೆ ಚಾಚುವ ಸ್ಲೈಡ್‌ಔಟ್ ಬರೆದೆ. ಹದಿನೆಂಟು ಪರ್ಸಿಯ ಮನೆಗೆ ಆರು ಪರ್ಸಿ ಕೂಡಿತು. ಜಾಗ ಮೂರನೇ ಒಂದು ಭಾಗ ಹೆಚ್ಚು. ಗಣಿತದ ಮುಂದೆ ಯಾರ ಆಟ ನಡೆಯುತ್ತದೆ?

ಗಾಡಿಯ ಕಾಗದಪತ್ರಗಳಿಗಾಗಿ ನಾನು ಅಲೆದದ್ದು ಬೇರೆಯೇ ಪುರಾಣ, ಅದನ್ನಿಲ್ಲಿ ಓದುವುದಿಲ್ಲ. ಟ್ರೇಲರ್ ಕಟ್ಟಲು ವಾಡಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಖಾಜಾನಿಗೆ ಫೋನ್ ಮಾಡಿದೆ. ಅವನು ನನ್ನ ಹಳೆಯ ವಿದ್ಯಾರ್ಥಿ.

"ಬರ್ಕೊ ಖಾಜಾ. ಆರು ಪರ್ಸಿ ಉದ್ದ, ಮೂರು ಪರ್ಸಿ ಅಗಲ. ಎಡಗಡಿ ಗ್ವಾಡಿಗಿ ಮೂರು ಪರ್ಸಿ ಕಿಂಡಿ ಬಿಡು."

"ಆಯ್ತು ಸರ್."

ಒಂದೇ ಮಾತಿನಲ್ಲಿ ಮುಗಿಯಿತು. ಕಲಿಸಿದರೆ ಹೀಗೆ ಕಲಿಸಬೇಕು ಎಂದು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ. ಸ್ಲೈಡ್‌ಔಟಿನ ಕೆಲಸ ಮರದ್ದಾದ್ದರಿಂದ ನಮ್ಮ ಓಣಿಯ ಬಡಿಗ ಮಾನಪ್ಪನಿಗೆ ಒಪ್ಪಿಸಿದೆ. ಅವನು ಮನೆಗೇ ಬಂದು, ನನ್ನ ಸೀಮೆಸುಣ್ಣದ ಗೆರೆಗಳ ಮೇಲೆ ಟೇಪು ಇಟ್ಟು ಅಳೆದುಕೊಂಡು ಹೋದ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಗಟ್ಟಿ ಪೆಟ್ಟಿಗೆ. ಅದರೊಳಗೇ ಹಾಸಿಗೆ, ಹೊರಗೋಡೆಗೊಂದು ಕಿಟಕಿ, ಎಳೆಯಲು ಒಂದು ಹಿಡಿಕೆ.

ಎರಡೂ ಸಿದ್ಧವಾದ ಮೇಲೆ ಪೆಟ್ಟಿಗೆಯನ್ನು ಟೆಂಪೋದಲ್ಲಿ ಕಳಿಸಿ, ನಾವು ಬಟ್ಟೆಬರೆ ಕಟ್ಟಿಕೊಂಡು ಜೀಪಿನಲ್ಲಿ ವಾಡಿಗೆ ಹೊರಟೆವು. ಪೆಟ್ಟಿಗೆ ಕೂಡಿಸಿಕೊಂಡು ಅಲ್ಲಿಂದಲೇ ಚಿಂಚೋಳಿಗೆ ಹೋಗುವ ಯೋಜನೆ. ಖಾಜಾನ ಅಂಗಡಿಯ ಮುಂದೆ ಆಡು ಸಾಗಿಸುವಂಥ ಒಂದು ಗಾಡಿ ನಿಂತಿತ್ತು.

"ಇದು ಯಾರದೋ ಖಾಜಾ?"

"ನಿಮ್ದೇ ಸರ್."

"ಇದಲ್ಲಪ್ಪ, ನಮ್ದು ಎಲ್ಲದ?"

"ಇದೇ ಸರ್ ನಿಮ್ದು."

ಖಾಜಾನ ಅಂಗಡಿಯ ನೆಲಕ್ಕೂ ಪರ್ಸಿಯೇ ಹಾಸಿದೆ. ಅವು ಒಂದೂವರೆ ಅಡಿಯವು! ನನ್ನ ಹನ್ನೆರಡು ಅಡಿ ಉದ್ದ ಒಂಬತ್ತಾಗಿತ್ತು, ಆರು ಅಡಿ ಅಗಲ ನಾಲ್ಕೂವರೆಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ತನ್ನ ನೋಟ್‌ಬುಕ್ ತಂದು ಮುಂದೆ ಹಿಡಿದ.

"ಸರ್, ಉತ್ತರದ ಮುಂದ ಏಕಮಾನ ಬರೀಲಿಲ್ಲಂದ್ರ ಒಂದು ಮಾರ್ಕ್ ಕಟ್ ಮಾಡ್ತಿದ್ರಿ ನೀವು. ನೋಡ್ರಿ, ಎಲ್ಲಾ ಕಡಿ ಬರದೀನಿ."

ನಿಜ. ಪ್ರತಿ ಅಂಕಿಯ ಮುಂದೆಯೂ ದುಂಡಗೆ 'ಪರ್ಸಿ' ಎಂದು ಬರೆದಿದ್ದ. ಮಾರ್ಕ್ ಕಡಿಯಲು ಎಲ್ಲಿಯೂ ಜಾಗವಿರಲಿಲ್ಲ. ಕಡಿಯಬೇಕಾದ ಮಾರ್ಕುಗಳೆಲ್ಲ ನನ್ನ ಲೆಕ್ಕದಲ್ಲೇ ಇದ್ದವು.

ನೀಲಮ್ಮ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದಳು. "ಸಣ್ಣದಿದ್ರೂ ಚಲೋ ಅದ. ಇದರಾಗೇ ಎರಡು ಹಾಸಿಗಿ ಹಾಸಮು. ಆ ಪೆಟ್ಟಿಗಿ ಇಲ್ಲೇ ಬಿಟ್ಟು ನಡೀರಿ."

ಬುದ್ಧಿವಂತನಾಗಿದ್ದರೆ ಅಷ್ಟಕ್ಕೇ ಕೈಮುಗಿದು ಹೊರಡುತ್ತಿದ್ದೆ. ಆದರೆ ನಾನು ವಿದ್ಯಾವಂತ. ಗಾಡಿ ಸಣ್ಣದಾದಷ್ಟೂ ಸ್ಲೈಡ್‌ಔಟಿನ ಅಗತ್ಯ ಹೆಚ್ಚಾಗುತ್ತದೆ ಎಂದು ವಾದಿಸಿದೆ. ತರ್ಕದಲ್ಲಿ ಇವತ್ತಿಗೂ ತಪ್ಪು ಸಿಕ್ಕಿಲ್ಲ. ಖಾಜಾ ತಲೆ ಕೆರೆದುಕೊಂಡು ಕಿಂಡಿಯನ್ನು ಆರಡಿಗೆ ಕೊಯ್ದ. ಅಕ್ಕಪಕ್ಕದ ಅಂಗಡಿಗಳಿಂದ ಎಂಟು ಜನ ಬಂದು ಪೆಟ್ಟಿಗೆಯನ್ನು ಎತ್ತಿ, ಅದು ಜಾರಲೆಂದು ಗಾಡಿಯ ನೆಲಕ್ಕೆ ಬೆಸೆದಿದ್ದ ಹಳಿಯ ಮೇಲಿಟ್ಟು ನೂಕಿದರು. ಮರ ಕಿರುಗುಟ್ಟಿತು. ಹಳಿ ನರಳಿತು. ಪೆಟ್ಟಿಗೆ ಒಳಗೆ ಹೋಗಿ ಕುಳಿತಿತು.

"ಈಗ ಜಗ್ರಿ" ಎಂದೆ ಹೆಮ್ಮೆಯಿಂದ.

ಜಗ್ಗಿದರು. ಎಂಟೂ ಜನ ಜಗ್ಗಿದರು. ಪೆಟ್ಟಿಗೆ ಕದಲಲಿಲ್ಲ. ಖಾಜಾ ಗಾಡಿಯ ಕೆಳಗೆ ತೂರಿ ನೋಡಿ, ಎದ್ದು ಕೈ ಒರೆಸಿಕೊಂಡ.

"ಒಳಗ ಹೋಗ್ಯದ ಸರ್. ಹೊರಗ ಬರೋದು ಅದರ ಮರ್ಜಿ."

ಹೀಗಾಗಿ ಟ್ರೇಲರಿನೊಳಗೆ ಮನೆ ಇರಲಿಲ್ಲ, ಡ್ರಾವರ್ ಇತ್ತು. ಬಾಗಿಲ ಹತ್ತಿರ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿ ನೀರಿನ ಕ್ಯಾನು ಮತ್ತು ಬಟ್ಟೆಯ ಚೀಲ ಇಟ್ಟೆವು, ತುಂಬಿತು. ಒಲೆ ಜೀಪಿಗೆ ಹೋಯಿತು. ಇವತ್ತು ಬೇಡ, ಸರಿಮಾಡಿಸಿ ಮುಂದಿನ ತಿಂಗಳು ಹೋಗೋಣ ಎನ್ನಲು ತಿರುಗಿದರೆ ನೀಲಮ್ಮ ಆಗಲೇ ಜೀಪಿನಲ್ಲಿ ಕುಳಿತಿದ್ದಳು.

"ನೀವು ಸರಿ ಮಾಡೋತನಕ ನನಗ ವಯಸ್ಸಾಗಿ ಕಣ್ಣು ಕಾಣಂಗಿಲ್ಲ. ನಡೀರಿ."

ಆಗ ನನಗೆ ಮೊದಲ ಸಲ ಭಯವಾಯಿತು. ಗಾಡಿಯ ಬಗ್ಗೆ ಅಲ್ಲ. ಮದುವೆಯಾದಾಗಿನಿಂದ ಈಕೆ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಇದನ್ನೂ ಕೆಡಿಸುತ್ತಿದ್ದೇನಲ್ಲ!

ಚಿತ್ತಾಪುರ ದಾಟುವಾಗ ಅವಳ ಅಣ್ಣನ ಕಣ್ಣಿಗೆ, ಸೇಡಂ ದಾಟುವಾಗ ನನ್ನ ತಂಗಿಯ ಕಣ್ಣಿಗೆ ಬೀಳದಂತೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಓಡಿಸಿದೆ. ಚಿಂಚೋಳಿಯ ಪಕ್ಕದ ಚಂದಾಪುರದಲ್ಲಿ ನಿಲ್ಲಿಸಿ ಗ್ರೀಸ್ ಮತ್ತು ಹಗ್ಗ ಕೊಳ್ಳಲು ಅಂಗಡಿಗೆ ಹೋದೆ.

"ಹಗ್ಗ ಯಾದಕ್ಕ ಬೇಕ್ರಿ? ಎಮ್ಮಿಗೋ, ಎತ್ತಿಗೋ?" ಎಂದ ಅಂಗಡಿಯವನು.

"ಖೋಲಿ ಜಗ್ಗಲಿಕ್ಕೆ."

ಅವನು ಇದ್ದುದರಲ್ಲೇ ದಪ್ಪನೆಯ ಹಗ್ಗ ಕೊಟ್ಟ.

ಹೊಲ ಮುಟ್ಟಿದ ಕೂಡಲೇ ಕೆಲಸಕ್ಕೆ ಇಳಿದೆ. ಟ್ರೇಲರನ್ನು ಬಿಚ್ಚಿ ಬೇವಿನ ಮರದ ಕೆಳಗೆ ನಿಲ್ಲಿಸಿ, ಹಳಿಗೆ ಗ್ರೀಸ್ ಬಳಿದು, ಹಗ್ಗದ ಒಂದು ತುದಿಯನ್ನು ಪೆಟ್ಟಿಗೆಯ ಹಿಡಿಕೆಗೆ, ಇನ್ನೊಂದನ್ನು ಜೀಪಿಗೆ ಕಟ್ಟಿದೆ. ಜೀಪು ಮುಂದೆ ಹೋಯಿತು. ಅದರ ಹಿಂದೆ ಇಡೀ ಟ್ರೇಲರ್ ಅಡ್ಡಡ್ಡವಾಗಿ ಬಂತು, ಸಹೋದ್ಯೋಗಿಯ ತೊಗರಿಯಲ್ಲಿ ಎರಡು ಸಾಲು ಹರಗಿತು. ಚಕ್ರಕ್ಕೆ ಕಲ್ಲು ಕೊಟ್ಟು ಮತ್ತೆ ಜಗ್ಗಿದೆ. ಈ ಸಲ ಹಿಡಿಕೆ ಕಿತ್ತು ಬಂತು. ಜೀಪು ಹೋಗಿ ಮುಳ್ಳುಬೇಲಿಯೊಳಗೆ ನಿಂತಿತು.

"ಮುಗೀತೇನ್ರಿ?" ಎಂದು ನೀಲಮ್ಮ ಕೇಳಿದಳು. ಟ್ರೇಲರಿನ ಬಾಗಿಲು ತೆರೆದು, ಕ್ಯಾನು ದಾಟಿ, ಪೆಟ್ಟಿಗೆಯ ಹಾಸಿಗೆಯ ಮೇಲೆ ಮಲಗಿ ನೋಡಿದಳು. ಒಳಗಿನಿಂದಲೇ ಹೇಳಿದಳು: "ಒಬ್ಬಾಕಿಗಿ ಬರೋಬರಿ ಅದ."

"ಮತ್ತ ನಾನು?"

"ಜೀಪ್ ಅದಲ್ಲ."

ಬೆಳಿಗ್ಗೆ ಎದ್ದಾಗ ನನ್ನ ಕುತ್ತಿಗೆ ಎಡಕ್ಕೆ ತಿರುಗಿದ್ದು ತಿರುಗಿದಂತೆಯೇ ಇತ್ತು. ಹಾಗೇ ಟ್ರೇಲರಿನ ಕಿಟಕಿಯ ಹತ್ತಿರ ಹೋದೆ. ನೀಲಮ್ಮ ಕೂದಲು ಬಿಚ್ಚಿಕೊಂಡು, ಕಾಲು ಚಾಚಿಕೊಂಡು ಹೊರಗೆ ನೋಡುತ್ತಾ ಕುಳಿತಿದ್ದಳು. ಹೊರಗೆ ಏನೂ ನಡೆಯುತ್ತಿರಲಿಲ್ಲ. ಅದನ್ನೇ ನೋಡುತ್ತಿದ್ದಳು. ಇಷ್ಟು ನಿರಾಳವಾದ ಮುಖವನ್ನು ನಾನು ನಮ್ಮ ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ. ಖುಷಿಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅಭ್ಯಾಸಬಲದಿಂದ "ಚಹಾ..." ಎಂದುಬಿಟ್ಟೆ. ಮುಂದಿನ ಅಕ್ಷರ ಹೇಗೋ ನುಂಗಿದೆ.

"ಏನಂದ್ರಿ?"

"ಚಹಾ ಕುಡೀತಿಯೇನು ಅಂತ ಕೇಳ್ದೆ."

"ಕುಡೀತೀನಿ. ಶುಂಠಿ ಹಾಕ್ರಿ."

ಒಲೆ ಜೀಪಿನಲ್ಲಿತ್ತು, ನಾನೂ ಜೀಪಿನವನು. ಜೀವನದಲ್ಲಿ ಮೊದಲ ಸಲ ಚಹಾ ಮಾಡಿ ಕಿಟಕಿಯಿಂದ ಒಳಗೆ ಕೊಟ್ಟೆ. ಅವಳು ಮುಖ ಕಿವಿಚದೆ ಪೂರ್ತಿ ಕುಡಿದಳು. ಅದು ಅವಳ ದೊಡ್ಡತನ. ಸಂಜೆಗೆ "ಇನ್ನೆರಡು ದಿನ ಇರಮು" ಎಂದಳು. ಇದ್ದೆವು.

ಶಹಾಬಾದಿಗೆ ಬಂದ ಮರುದಿನ ಖಾಜಾ ಫೋನ್ ಮಾಡಿದ. ಪಾಪ, ಅವನಿಗೂ ಚಿಂತೆ ಹತ್ತಿತ್ತು.

"ಸರ್, ಸ್ಲೈಡ್‌ಔಟ್ ಹೊರಗ ಬಂತೇನ್ರಿ?"

"ಬಂತಪ್ಪ."

"ಖರೇ? ಏನ್ ತೊಂದ್ರಿ ಆಗ್ಲಿಲ್ಲಲ್ಲ?"

"ಏನೂ ಇಲ್ಲ. ನಾಕು ದಿನ ಹೊರಗೇ ಇತ್ತು. ರಾತ್ರಿ ಜೀಪಿನ್ಯಾಗ ಮಕ್ಕೋತಿತ್ತು, ಮುಂಜಾನಿ ಎದ್ದು ಚಹಾ ಮಾಡ್ತಿತ್ತು."